ತಿನ್ನಿಸಿ ನೋಡುವ ಪರೀಕ್ಷೆ: ಮಕ್ಕಳ ಆಹಾರ ಅಲರ್ಜಿಯ ಕುರಿತು ಓದುಗರ ಪ್ರಶ್ನೆಗಳು

ಮಕ್ಕಳ ಆಹಾರ ಅಲರ್ಜಿಯ ಬಗ್ಗೆ ಬಂದಿರುವ ಪತ್ರಗಳಲ್ಲಿ ಒಂದೇ ಆತಂಕ ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಂಡಿದೆ. ಮಗುವಿಗೆ ಒಗ್ಗದೆಂದು ವರ್ಷಗಟ್ಟಲೆ ದೂರವಿಟ್ಟ ಆಹಾರವನ್ನೇ ವೈದ್ಯರು ಆಸ್ಪತ್ರೆಯಲ್ಲಿ ತಿನ್ನಿಸಿ ನೋಡೋಣ ಎಂದಾಗ ತಂದೆತಾಯಿ ಏನು ಮಾಡಬೇಕು ಎಂಬುದೇ ಆ ಆತಂಕ. ಆದ್ದರಿಂದ ಈ ಬಾರಿಯ ಅಂಕಣವನ್ನು ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಎಂಟು ತಿಂಗಳ ಕೂಸಾಗಿದ್ದಾಗ ಮೊಟ್ಟೆ ತಿನ್ನಿಸಿದ ಹದಿನೈದು ನಿಮಿಷದೊಳಗೆ ಮೈಮೇಲೆಲ್ಲ ಗಂಧೆ ಎದ್ದು ತುಟಿ ಊದಿಕೊಂಡಿತ್ತು. ಆಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಮೊಟ್ಟೆಯ ಜೊತೆಗೆ ಹಾಲು, ಗೋಧಿ ಮತ್ತು ಕಡಲೆಕಾಯಿಯೂ ‘ಪಾಸಿಟಿವ್’ ಎಂದು ಬಂದವು. ಅಲ್ಲಿಯವರೆಗೆ ಹಾಲು, ಗೋಧಿಗಳನ್ನು ತೊಂದರೆಯಿಲ್ಲದೆ ತಿನ್ನುತ್ತಿದ್ದಳು. ಕಡಲೆಕಾಯಿಯನ್ನು ಕೊಟ್ಟೇ ಇರಲಿಲ್ಲ. ವರದಿ ನೋಡಿದ ದಿನವೇ ನಾಲ್ಕನ್ನೂ ನಿಲ್ಲಿಸಿಬಿಟ್ಟೆವು. ಈಗ ಬೇರೊಬ್ಬ ವೈದ್ಯರು ಒಂದೊಂದನ್ನೇ ಆಸ್ಪತ್ರೆಯಲ್ಲಿ ತಿನ್ನಿಸಿ ನೋಡಬೇಕು ಎನ್ನುತ್ತಾರೆ. ಅಲರ್ಜಿ ಇದೆಯೆಂದು ವರದಿಯೇ ಹೇಳುತ್ತಿರುವಾಗ, ಇದು ಮಗುವನ್ನು ಬೇಕೆಂದೇ ಅಪಾಯಕ್ಕೆ ಒಡ್ಡಿದಂತಾಗುವುದಿಲ್ಲವೇ?

ಉತ್ತರ: ನಿಮ್ಮ ಭಯ ಸಹಜವಾದದ್ದು. ಆದರೆ ವರದಿ ಹೇಳುತ್ತಿರುವುದು ನೀವು ತಿಳಿದುಕೊಂಡಿರುವುದಕ್ಕಿಂತ ಕಡಿಮೆ. ರಕ್ತದಲ್ಲಿ ಅಳೆದದ್ದು ‘ಐಜಿಇ’ ಎಂಬ ಪ್ರತಿಕಾಯವನ್ನು. ಒಂದು ಆಹಾರದ ಪ್ರೋಟೀನನ್ನು ಮಗುವಿನ ದೇಹ ಗುರುತಿಸಿ ಅದರ ವಿರುದ್ಧ ಈ ಪ್ರತಿಕಾಯವನ್ನು ತಯಾರಿಸಿಕೊಂಡಿದೆ ಎಂಬುದಷ್ಟನ್ನೇ ಆ ಅಂಕಿ ತಿಳಿಸುತ್ತದೆ. ತಿಂದಾಗ ತೊಂದರೆಯಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಪ್ರತಿಕಾಯವಿದ್ದೂ ಆ ಆಹಾರವನ್ನು ಹೊಟ್ಟೆತುಂಬ ತಿಂದು ಆರಾಮವಾಗಿರುವ ಮಕ್ಕಳು ಬಹಳಷ್ಟಿದ್ದಾರೆ. ಚರ್ಮ ಚುಚ್ಚಿ ನೋಡುವ ಪರೀಕ್ಷೆಯ ಮಾತೂ ಇದೇ. ಅದರಲ್ಲಿ ಆಹಾರದ ಸಾರದ ಒಂದು ಹನಿಯನ್ನು ತೋಳಿನ ಅಥವಾ ಬೆನ್ನಿನ ಮೇಲಿಟ್ಟು, ಸಣ್ಣ ಮೊನೆಯಿಂದ ಮೇಲ್ಪದರವನ್ನಷ್ಟೇ ಚುಚ್ಚಿ, ಹದಿನೈದು ಇಪ್ಪತ್ತು ನಿಮಿಷ ಕಾದು, ಎದ್ದ ಗುಳ್ಳೆಯನ್ನು ಅಳೆಯುತ್ತಾರೆ. ಬರಿಯ ಉಪ್ಪುನೀರಿನ ಹನಿಗಿಂತ ಅದು ಕನಿಷ್ಠ 3 ಮಿಲಿಮೀಟರ್ ದೊಡ್ಡದಿದ್ದರೆ ‘ಪಾಸಿಟಿವ್’ ಎನ್ನುತ್ತಾರೆ. ಈ ಎರಡು ಪರೀಕ್ಷೆಗಳೂ ‘ಇಲ್ಲ’ ಎಂದರೆ ತಕ್ಷಣ ಕೆರಳುವ ಬಗೆಯ ಅಲರ್ಜಿಯ ಮಟ್ಟಿಗೆ ಆ ಮಾತನ್ನು ಸಾಕಷ್ಟು ನಂಬಬಹುದು. ‘ಇದೆ’ ಎಂದಾಗ ಮಾತ್ರ, ಮಗುವಿನ ಹಿಂದಿನ ಅನುಭವದ ಬೆಂಬಲವಿಲ್ಲದೆ ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಅಂಕಿ ದೊಡ್ಡದಾದಷ್ಟೂ, ಗುಳ್ಳೆ ಅಗಲವಾದಷ್ಟೂ ನಿಜವಾದ ಅಲರ್ಜಿಯ ಸಂಭವ ಹೆಚ್ಚುತ್ತದೆ ಎಂಬುದು ಸರಿ. ಆದರೆ ಆ ಅಲರ್ಜಿ ಎಷ್ಟು ತೀವ್ರವಾಗಿರುತ್ತದೆ ಎಂಬುದನ್ನು ಆ ಅಂಕಿ ಹೇಳಲಾರದು.

ಆಹಾರ ಅಲರ್ಜಿಯ ಅರಿವು ಬೆಳೆದ ದಾರಿಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. 1921ರಲ್ಲಿ ಪ್ರೌಸ್ನಿಟ್ಸ್ ಮತ್ತು ಕ್ಯೂಸ್ಟ್ನರ್ ಎಂಬ ಇಬ್ಬರು ವೈದ್ಯರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕ್ಯೂಸ್ಟ್ನರ್ ಅವರಿಗೆ ಮೀನು ಒಗ್ಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಪ್ರೌಸ್ನಿಟ್ಸ್ ಅವರ ಚರ್ಮಕ್ಕೆ ಚುಚ್ಚಿ, ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಅಲ್ಲಿ ಚರ್ಮ ಕೆರಳಿ ಉಬ್ಬಿತು. ಅಲರ್ಜಿಗೆ ಕಾರಣವಾದ ವಸ್ತು ರಕ್ತದಲ್ಲಿದೆ ಎಂಬುದು ಹಾಗೆ ಗೊತ್ತಾಯಿತು. ಅದೇ ಐಜಿಇ ಎಂಬುದು ಸ್ಪಷ್ಟವಾದದ್ದು 1960ರ ದಶಕದಲ್ಲಿ. ಅದನ್ನು ಅಳೆಯುವ ಪರೀಕ್ಷೆಗಳು ಬಂದ ನಂತರವೂ, 1976ರಲ್ಲಿ ಚಾರ್ಲ್ಸ್ ಮೇ ಎಂಬ ವೈದ್ಯರು ಉಬ್ಬಸವಿದ್ದ ಮಕ್ಕಳಿಗೆ ಆಹಾರವನ್ನು ಗುರುತು ಸಿಗದಂತೆ ಕೊಟ್ಟು ನೋಡಿದಾಗ, ಚರ್ಮಪರೀಕ್ಷೆ ‘ಪಾಸಿಟಿವ್’ ಆಗಿದ್ದ ಎಷ್ಟೋ ಮಕ್ಕಳಿಗೆ ಏನೂ ಆಗಲಿಲ್ಲ. ಅನುಮಾನವಿರುವ ಕಡೆ ಖಚಿತವಾದ ಉತ್ತರ ಬೇಕೆಂದರೆ, ವೈದ್ಯರ ಕಣ್ಣೆದುರು ತಿನ್ನಿಸಿ ನೋಡುವುದನ್ನು ಮೀರಿದ ಪರೀಕ್ಷೆ ಇಂದಿಗೂ ಇಲ್ಲ. ವೈದ್ಯರ ಮಾತಿನಲ್ಲಿ ಇದು ‘ಫುಡ್ ಚಾಲೆಂಜ್’.

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಮೊಟ್ಟೆ ತಿಂದ ಕೂಡಲೇ ಗಂಧೆ ಎದ್ದು ತುಟಿ ಊದಿದ್ದರಿಂದ, ಅದು ಮೊಟ್ಟೆಯ ಅಲರ್ಜಿಯೇ ಇದ್ದಿರಬೇಕು. ಹಾಲು ಮತ್ತು ಗೋಧಿಯನ್ನು ಅವಳು ನಿರಾತಂಕವಾಗಿ ತಿನ್ನುತ್ತಿದ್ದಳು. ಆ ಆಹಾರಗಳಿಗೆ ಪರೀಕ್ಷೆ ಮಾಡಿಸುವ ಅಗತ್ಯವೇ ಇರಲಿಲ್ಲ, ಮಾಡಿಸಿದರೂ ವರದಿಗೆ ಹೆದರಿ ನಿಲ್ಲಿಸಬೇಕಾಗಿರಲಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ತಿನ್ನುತ್ತಿರುವ ಆಹಾರದ ಮೇಲೆ ಪಟ್ಟಿ ಹಿಡಿದು ಪರೀಕ್ಷೆ ಬರೆಯುವ ನಮ್ಮ ವೃತ್ತಿಯ ಅಭ್ಯಾಸ ಇದಕ್ಕೆ ಹೊಣೆ. ಹಾಗೆಂದು ಇಂದು ರಾತ್ರಿಯೇ ಮನೆಯಲ್ಲಿ ಒಂದು ಲೋಟ ಹಾಲು ಕೊಡಬೇಡಿ. ಪ್ರತಿಕಾಯವಿದ್ದೂ ನಿತ್ಯ ತಿನ್ನುತ್ತಿದ್ದ ಕಾರಣಕ್ಕೆ ಸಹಿಸಿಕೊಂಡಿದ್ದ ದೇಹ, ವರ್ಷಗಟ್ಟಲೆ ಆ ಆಹಾರ ತಪ್ಪಿದ ಮೇಲೆ ಆ ಸಹನೆಯನ್ನು ಕಳೆದುಕೊಂಡಿರಬಹುದು. ಚರ್ಮದಲ್ಲಿ ಇಸುಬು ಇರುವ ಮಕ್ಕಳಲ್ಲಿ ಹೀಗಾಗಿರುವುದನ್ನು ವೈದ್ಯರು ದಾಖಲಿಸಿದ್ದಾರೆ. ಆದ್ದರಿಂದಲೇ ಮೊದಲ ತುತ್ತು ಆಸ್ಪತ್ರೆಯಲ್ಲಿ ಆಗಬೇಕು. ನಾಲ್ಕರಲ್ಲಿ ಹಾಲು ಮತ್ತು ಗೋಧಿಯನ್ನು ಮೊದಲು ನೋಡುವಂತೆ ನಿಮ್ಮ ವೈದ್ಯರನ್ನು ಕೇಳಿ, ಏಕೆಂದರೆ ಬೆಳೆಯುವ ಮಗುವಿಗೆ ಅವೆರಡೂ ಒಟ್ಟಿಗೆ ತಪ್ಪಿದರೆ ಆಹಾರ ಬಹಳ ಸೊರಗುತ್ತದೆ. ಮೊಟ್ಟೆಯನ್ನು ಹಿಟ್ಟಿನೊಂದಿಗೆ ಬೆರೆಸಿ ಚೆನ್ನಾಗಿ ಬೇಕ್ ಮಾಡಿದ ರೂಪದಲ್ಲಿ ಮೊದಲು ಪರೀಕ್ಷಿಸಬಹುದು. ಹಸಿಯಾಗಿ ಅಥವಾ ಅರೆಬೆಂದ ಮೊಟ್ಟೆ ಒಗ್ಗದ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿ ಹೀಗೆ ಬೆಂದದ್ದನ್ನು ತಿನ್ನಬಲ್ಲರು. ಎಂದೂ ತಿನ್ನದ ಕಡಲೆಕಾಯಿಯ ವಿಷಯದಲ್ಲಿ ಮಾತ್ರ ಇನ್ನೊಂದು ರಕ್ತಪರೀಕ್ಷೆ ನೆರವಾಗುತ್ತದೆ. ಕಡಲೆಕಾಯಿಯ ಪ್ರೋಟೀನುಗಳಲ್ಲಿ ‘ಅರಾ ಎಚ್ 2’ ಎಂಬುದರ ವಿರುದ್ಧ ಐಜಿಇ ಹೆಚ್ಚಿದ್ದರೆ ನಿಜವಾದ ಅಲರ್ಜಿಯ ಸಾಧ್ಯತೆ ದೊಡ್ಡದು. ಆಗ ತಿನ್ನಿಸಿ ನೋಡುವುದನ್ನು ವೈದ್ಯರು ಮುಂದೂಡಬಹುದು.

ಪ್ರಶ್ನೆ: ನನ್ನ ಮಗನಿಗೆ ಹಿಂದೆ ಹಾಲಿನಿಂದ ಬಾಯಿ ಸುತ್ತ ಒಂದಿಷ್ಟು ದದ್ದು ಎದ್ದದ್ದು ಬಿಟ್ಟರೆ ಬೇರೇನೂ ಆಗಿಲ್ಲ. ಆಸ್ಪತ್ರೆಯ ಓಡಾಟದ ಬದಲು, ಅಲರ್ಜಿಯ ಔಷಧಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಯಲ್ಲೇ ಒಂದು ಚಮಚ ಹಾಲು ಕೊಟ್ಟು ನೋಡಿದರೆ ಸಾಲದೇ?

ಉತ್ತರ: ಸಾಲದು, ಮತ್ತು ದಯವಿಟ್ಟು ಹಾಗೆ ಮಾಡಬೇಡಿ. ಕಳೆದ ಸಲ ದದ್ದು ಮಾತ್ರ ಎದ್ದಿತ್ತೆಂಬ ಕಾರಣಕ್ಕೆ ಮುಂದಿನ ಸಲವೂ ಅಷ್ಟಕ್ಕೇ ನಿಲ್ಲುತ್ತದೆ ಎಂಬ ಭರವಸೆಯನ್ನು ಯಾರೂ ಕೊಡಲಾರರು. ತಿಂದ ಪ್ರಮಾಣ, ಆ ದಿನದ ಜ್ವರ ಅಥವಾ ನೆಗಡಿ, ಓಟ ಆಟ, ಉಬ್ಬಸದ ಸ್ಥಿತಿ, ಇವೆಲ್ಲ ಸೇರಿ ಪ್ರತಿಕ್ರಿಯೆಯ ತೀವ್ರತೆಯನ್ನು ಬದಲಿಸುತ್ತವೆ.

ನೀವು ಕೈಯಲ್ಲಿ ಹಿಡಿದುಕೊಳ್ಳುವ ಔಷಧಿ ಆಂಟಿಹಿಸ್ಟಮಿನ್. ಅದು ತುರಿಕೆಯನ್ನೂ ಗಂಧೆಯನ್ನೂ ತಗ್ಗಿಸುತ್ತದೆ. ಉಸಿರು ಕಟ್ಟುವುದನ್ನಾಗಲಿ ರಕ್ತದೊತ್ತಡ ಕುಸಿಯುವುದನ್ನಾಗಲಿ ತಡೆಯುವುದಿಲ್ಲ. ಅಂಥ ತೀವ್ರ ಪ್ರತಿಕ್ರಿಯೆಗೆ, ಎಂದರೆ ಅನಫೈಲಾಕ್ಸಿಸ್‌ಗೆ, ಮೊದಲ ಔಷಧಿ ಅಡ್ರಿನಲಿನ್ ಒಂದೇ. ಮಗುವಿನ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ ಲೆಕ್ಕದಲ್ಲಿ ಅದನ್ನು ತೊಡೆಯ ಹೊರಬದಿಯ ಮಧ್ಯಭಾಗದ ಸ್ನಾಯುವಿಗೆ ತಡಮಾಡದೆ ಚುಚ್ಚಬೇಕು, ಮಗುವನ್ನು ಮಲಗಿಸಿಯೇ ಇಡಬೇಕು, ಸುಧಾರಿಸದಿದ್ದರೆ ಐದು ನಿಮಿಷ ಕಳೆದು ಮತ್ತೆ ಕೊಡಬೇಕು. ಆಮ್ಲಜನಕ, ರಕ್ತನಾಳಕ್ಕೆ ದ್ರವ, ಇವೆಲ್ಲ ಕೈಗೆಟಕುವಂತಿರಬೇಕು. ಇನ್ನು ಪ್ರಮಾಣದ ಮಾತು. ಒಂದು ಚಮಚ, ಅಂದರೆ 5 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 160 ಮಿಲಿಗ್ರಾಂ ಪ್ರೋಟೀನ್ ಇರುತ್ತದೆ. ಆಸ್ಪತ್ರೆಯಲ್ಲಿ ಎಚ್ಚರದಿಂದ ಆರಂಭಿಸುವ ಮೊದಲ ಪ್ರಮಾಣ ಅನೇಕ ವೇಳೆ 3 ಮಿಲಿಗ್ರಾಂ ಮಾತ್ರ. ಮನೆಯಲ್ಲಿ ‘ಒಂದೇ ಚಮಚ’ ಎಂದು ಕೊಡುವುದು ಅದರ ಐವತ್ತು ಪಟ್ಟಿಗೂ ಹೆಚ್ಚು ಎಂಬುದನ್ನು ಗಮನಿಸಿ. ಕೆಲವು ಮಕ್ಕಳಿಗೆ, ಅಪಾಯ ಕಡಿಮೆಯೆಂದು ಪರೀಕ್ಷಿಸಿ ಖಚಿತಪಡಿಸಿಕೊಂಡ ಮೇಲೆ, ಬೆಂದ ಹಾಲಿನ ಪದಾರ್ಥಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಮನೆಯಲ್ಲೇ ಕೊಡುವ ಕ್ರಮವನ್ನು ವೈದ್ಯರು ಬರೆದುಕೊಡುವುದುಂಟು. ನಿಮ್ಮ ಮಗ ಅಂಥವರಲ್ಲಿ ಒಬ್ಬನೇ ಎಂಬುದನ್ನು ಅವನನ್ನು ನೋಡಿದ ವೈದ್ಯರೇ ನಿರ್ಧರಿಸಬೇಕು.

ಪ್ರಶ್ನೆ: ಆರು ವರ್ಷದ ಮಗನಿಗೆ ಮುಂದಿನ ತಿಂಗಳು ಕಡಲೆಕಾಯಿಯ ಪರೀಕ್ಷೆಗೆ ದಿನ ಗೊತ್ತಾಗಿದೆ. ಅವನಿಗೆ ಉಬ್ಬಸವೂ ಇದೆ. ಆ ದಿನ ಏನೇನು ನಡೆಯುತ್ತದೆ, ನಾವು ಹೇಗೆ ಸಿದ್ಧರಾಗಬೇಕು, ಅವನಿಗೆ ಏನೆಂದು ಹೇಳಬೇಕು?

ಉತ್ತರ: ಸಿದ್ಧತೆ ಒಂದು ವಾರ ಮೊದಲೇ ಶುರುವಾಗುತ್ತದೆ. ಆಂಟಿಹಿಸ್ಟಮಿನ್ ಔಷಧಿಗಳು ಆರಂಭದ ಲಕ್ಷಣಗಳನ್ನು ಮರೆಮಾಡುವುದರಿಂದ ಅವನ್ನು ಕೆಲವು ದಿನ, ಸಾಮಾನ್ಯವಾಗಿ ಐದರಿಂದ ಏಳು ದಿನ, ಮುಂಚೆ ನಿಲ್ಲಿಸಲು ಹೇಳುತ್ತಾರೆ; ಕೆಮ್ಮು ನೆಗಡಿಯ ಎಷ್ಟೋ ಸಿರಪ್‌ಗಳಲ್ಲೂ ಅದೇ ಔಷಧಿ ಇರುತ್ತದೆಂಬುದು ನೆನಪಿರಲಿ. ಉಬ್ಬಸಕ್ಕೆ ನಿತ್ಯ ಎಳೆಯುವ ಇನ್ಹೇಲರನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಏಕೆಂದರೆ ಹತೋಟಿಯಲ್ಲಿಲ್ಲದ ಉಬ್ಬಸ ಈ ಪರೀಕ್ಷೆಯ ಅತಿ ದೊಡ್ಡ ಶತ್ರು. ಆ ದಿನ ಜ್ವರ, ಕೆಮ್ಮು, ಎದೆಯಲ್ಲಿ ಗೊರಗೊರ ಇದ್ದರೆ, ಅಥವಾ ಹಿಂದಿನ ಒಂದೆರಡು ದಿನಗಳಲ್ಲಿ ದಮ್ಮು ಇಳಿಸುವ ಇನ್ಹೇಲರ್ ಬೇಕಾಗಿದ್ದರೆ, ಮುಚ್ಚಿಡದೆ ಹೇಳಿ. ಎಷ್ಟೋ ತಿಂಗಳು ಕಾದು ಸಿಕ್ಕ ದಿನವೆಂಬ ಆಸೆಯಿಂದ ನೆಗಡಿಯನ್ನು ಹೇಳದೆ ಬಂದ ತಂದೆತಾಯಿಯರನ್ನು ನಾನು ಕಂಡಿದ್ದೇನೆ. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಅಂಥ ದಿನ ಬಂದ ಫಲಿತಾಂಶಕ್ಕೆ ಬೆಲೆಯೂ ಇಲ್ಲ, ಮಗುವಿಗೆ ರಕ್ಷಣೆಯೂ ಇಲ್ಲ.

ಆಸ್ಪತ್ರೆಯಲ್ಲಿ ಮೊದಲು ತೂಕ, ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟ ನೋಡಿ, ಎದೆಯ ಸದ್ದು ಕೇಳಿ, ಬಟ್ಟೆ ಬಿಚ್ಚಿಸಿ ಚರ್ಮವನ್ನೆಲ್ಲ ಪರಿಶೀಲಿಸುತ್ತಾರೆ. ಮೊದಲೇ ಇದ್ದ ಇಸುಬಿನ ಕಲೆ ಆಮೇಲೆ ಹೊಸ ದದ್ದೆಂದು ಗೊಂದಲಕ್ಕೆ ಕಾರಣವಾಗಬಾರದು. ಅಡ್ರಿನಲಿನ್ ಎಷ್ಟು ಬೇಕಾಗುತ್ತದೆಂದು ತೂಕಕ್ಕೆ ತಕ್ಕಂತೆ ಲೆಕ್ಕಹಾಕಿ, ಮೊದಲ ತುತ್ತಿಗೆ ಮುನ್ನವೇ ಬರೆದಿಡುತ್ತಾರೆ. ಬರೆದಿಟ್ಟಿದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ. ನಂತರ ಆಹಾರವನ್ನು ಏರುವ ಪ್ರಮಾಣದಲ್ಲಿ ಕೊಡುತ್ತಾರೆ. ಅಮೆರಿಕ ಮತ್ತು ಯುರೋಪಿನ ತಜ್ಞರು 2012ರಲ್ಲಿ ಕೂಡಿ ಸೂಚಿಸಿದ ಕ್ರಮದಲ್ಲಿ ಪ್ರೋಟೀನಿನ ಪ್ರಮಾಣ 3, 10, 30, 100, 300, 1000, 3000 ಮಿಲಿಗ್ರಾಂ ಎಂದು ಏರುತ್ತದೆ. ಎರಡು ಪ್ರಮಾಣಗಳ ನಡುವೆ ಕನಿಷ್ಠ 20 ನಿಮಿಷ ಬಿಡಬೇಕು. ಒಂದು ಕಡಲೆಬೀಜದಲ್ಲಿ 250ರಿಂದ 300 ಮಿಲಿಗ್ರಾಂ ಪ್ರೋಟೀನ್ ಇರುತ್ತದೆಂದು ನೆನೆದರೆ, ಮೊದಲ ಪ್ರಮಾಣ ಒಂದು ಬೀಜದ ನೂರನೆಯ ಒಂದು ಪಾಲಿನಷ್ಟು ಎಂಬುದು ಗೊತ್ತಾಗುತ್ತದೆ. ಎಲ್ಲ ಆಸ್ಪತ್ರೆಗಳೂ ಇದೇ ಏಳು ಮೆಟ್ಟಿಲುಗಳನ್ನು ಅನುಸರಿಸುವುದಿಲ್ಲ. ಮಗುವಿನ ಅಪಾಯದ ಅಂದಾಜಿಗೆ ತಕ್ಕಂತೆ ಮೆಟ್ಟಿಲುಗಳು ಕಡಿಮೆಯಾಗಬಹುದು, ಆರಂಭ ಇನ್ನೂ ಕೆಳಗಿನಿಂದ ಆಗಬಹುದು.

ಪ್ರತಿ ಪ್ರಮಾಣದ ಮುನ್ನ ಮತ್ತೆ ಮಗುವನ್ನು ಪರೀಕ್ಷಿಸುತ್ತಾರೆ. ಮೈಯೆಲ್ಲ ಹರಡುವ ಗಂಧೆ, ಮತ್ತೆ ಮತ್ತೆ ಬರುವ ವಾಂತಿ, ಧ್ವನಿ ಬದಲಾಗುವುದು, ಎಡೆಬಿಡದ ಕೆಮ್ಮು, ಉಬ್ಬಸ, ಇವು ಕಂಡರೆ ಅಲ್ಲಿಗೆ ನಿಲ್ಲಿಸಿ ಚಿಕಿತ್ಸೆ ಆರಂಭಿಸುತ್ತಾರೆ. ಬಾಯಿ ತುರಿಸುತ್ತದೆ, ಹೊಟ್ಟೆ ನೋಯುತ್ತದೆ ಎಂಬಂಥ ಮಾತುಗಳನ್ನು ತೂಗಿ ನೋಡುವುದು ಕಷ್ಟ. ಆಗ ಕಾಯುತ್ತಾರೆ, ಬೇಕಾದರೆ ಅದೇ ಪ್ರಮಾಣವನ್ನು ಮತ್ತೆ ಕೊಡುತ್ತಾರೆ. ಭಯದಿಂದಲೇ ಲಕ್ಷಣಗಳು ಬರಬಹುದೆಂಬ ಅನುಮಾನವಿದ್ದರೆ, ಆಹಾರವನ್ನು ಬೇರೊಂದರಲ್ಲಿ ಅಡಗಿಸಿ, ಒಂದು ದಿನ ಅದಿರುವುದನ್ನೂ ಇನ್ನೊಂದು ದಿನ ಇಲ್ಲದ್ದನ್ನೂ, ಯಾವುದು ಯಾವುದೆಂದು ಮಗುವಿಗೂ ವೈದ್ಯರಿಗೂ ಗೊತ್ತಿಲ್ಲದಂತೆ ಕೊಡುವ ವಿಧಾನವೂ ಉಂಟು. ಇವೆಲ್ಲದರ ನಡುವೆ ನಿಮ್ಮ ಕಣ್ಣು ಬಹಳ ಮುಖ್ಯವಾದದ್ದು. ಮಾತುಗಾರ ಮಗು ಇದ್ದಕ್ಕಿದ್ದಂತೆ ಮೌನವಾಗುವುದು, ಆಟಿಕೆ ಬಿಟ್ಟು ಮಡಿಲಿಗೆ ಅಂಟಿಕೊಳ್ಳುವುದು, ಕಿವಿ ಎಳೆದುಕೊಳ್ಳುವುದು, ನಾಲಿಗೆ ಉಜ್ಜಿಕೊಳ್ಳುವುದು, ಇವನ್ನು ವೈದ್ಯರಿಗಿಂತ ಮೊದಲು ಹೆತ್ತವರೇ ಗುರುತಿಸುತ್ತಾರೆ. ಅನಿಸಿದ ಕೂಡಲೇ ಹೇಳಿ, ಸಂಕೋಚ ಬೇಡ. ಕೊನೆಯ ಪ್ರಮಾಣವಾದ ಮೇಲೂ ಸುಮಾರು ಎರಡು ಗಂಟೆ ಅಲ್ಲೇ ಇರಿಸಿಕೊಳ್ಳುತ್ತಾರೆ. ಒಟ್ಟಾರೆ ಅರ್ಧ ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ.

ಅಪಾಯ ಎಷ್ಟು ಎಂದು ನೀವು ಕೇಳಿಲ್ಲ, ಆದರೆ ಹೇಳಬೇಕು. ಅಮೆರಿಕದ ಐದು ಕೇಂದ್ರಗಳಲ್ಲಿ ನಡೆದ ಆರು ಸಾವಿರಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ ಸುಮಾರು 14ರಲ್ಲಿ ಅಲರ್ಜಿಯ ಪ್ರತಿಕ್ರಿಯೆಯೂ, ಸುಮಾರು 2ರಲ್ಲಿ ಅನಫೈಲಾಕ್ಸಿಸ್ಸೂ ಕಂಡವು. ಸಾವು ಅತ್ಯಂತ ವಿರಳ, ಆದರೆ ಆಗಿಲ್ಲವೆಂದು ನಾನು ಹೇಳಲಾರೆ. ಸಿದ್ಧತೆಯಿಲ್ಲದ ಕಡೆ ಇದನ್ನು ಮಾಡಬಾರದೆಂದು ಒತ್ತಿ ಹೇಳುವುದು ಅದಕ್ಕೇ. ಮಗನಿಗೆ ‘ಏನೂ ಆಗುವುದಿಲ್ಲ’ ಎಂದು ಮಾತು ಕೊಡಬೇಡಿ. ‘ಇದು ನಿನಗೆ ಒಗ್ಗುತ್ತದೆಯೇ ಎಂದು ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ನೋಡುತ್ತಾರೆ, ತುರಿಕೆ ಬಂದರೆ, ಗಂಟಲು ಬಿಗಿದರೆ ತಕ್ಷಣ ಹೇಳು, ಅದಕ್ಕೆ ಔಷಧಿ ಅವರ ಪಕ್ಕದಲ್ಲೇ ಇದೆ’ ಎನ್ನಿ. ಆರು ವರ್ಷದ ಮಗುವಿಗೆ ಇಷ್ಟು ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ಐದು ತಿಂಗಳ ನಮ್ಮ ಎರಡನೆಯ ಮಗುವಿಗೆ ತೀವ್ರವಾದ ಇಸುಬು ಇದೆ. ದೊಡ್ಡವನಿಗೆ ಕಡಲೆಕಾಯಿಯ ಅಲರ್ಜಿ. ಚಿಕ್ಕವಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಮುಟ್ಟಿಸದಿರುವುದು ಒಳ್ಳೆಯದೇ?

ಉತ್ತರ: ಒಂದು ಕಾಲದಲ್ಲಿ ವೈದ್ಯರೇ ಹಾಗೆ ಹೇಳುತ್ತಿದ್ದರು. 2015ರಲ್ಲಿ ಪ್ರಕಟವಾದ ‘ಲೀಪ್’ ಅಧ್ಯಯನ ಆ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, ನಾಲ್ಕರಿಂದ ಹನ್ನೊಂದು ತಿಂಗಳ ವಯಸ್ಸಿನ 640 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಡಲೆಕಾಯಿಯನ್ನು ಕ್ರಮವಾಗಿ ತಿನ್ನಿಸಿದರು, ಇನ್ನೊಂದಕ್ಕೆ ಐದು ವರ್ಷದವರೆಗೆ ಕೊಡಲಿಲ್ಲ. ಕೊನೆಯಲ್ಲಿ ದೂರವಿಟ್ಟವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅಲರ್ಜಿ ಬಂದಿತ್ತು, ತಿಂದವರಲ್ಲಿ ಸುಮಾರು 3 ಮಕ್ಕಳಿಗೆ ಮಾತ್ರ. ಹಾಗಾಗಿ ಕಾಯುವುದು ನಿಮ್ಮ ಮಗಳಿಗೆ ರಕ್ಷಣೆಯಲ್ಲ. ಆದರೆ ಇಸುಬು ತೀವ್ರವಾಗಿರುವುದರಿಂದ ಅಲರ್ಜಿ ಈಗಾಗಲೇ ಬೇರೂರಿರಬಹುದು. ಆದ್ದರಿಂದ ಈಗಲೇ ವೈದ್ಯರಿಗೆ ತೋರಿಸಿ. ಅವರು ಚರ್ಮಪರೀಕ್ಷೆ ಅಥವಾ ರಕ್ತಪರೀಕ್ಷೆ ಮಾಡಿ, ಮೊದಲ ಸಲ ಮನೆಯಲ್ಲಿ ಕೊಡಬಹುದೇ, ತಮ್ಮೆದುರೇ ಆಗಬೇಕೇ ಎಂದು ಹೇಳುತ್ತಾರೆ. ಇಡೀ ಬೀಜವನ್ನಾಗಲಿ ತುಂಡನ್ನಾಗಲಿ ಕೂಸಿಗೆ ಕೊಡಲೇಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದು ತೆಳುಮಾಡಿಯೇ ಕೊಡಬೇಕು. ಇಸುಬಿಗೂ ಸರಿಯಾದ ಚಿಕಿತ್ಸೆ ನಡೆಯುತ್ತಿರಲಿ.

ಪ್ರಶ್ನೆ: ಏಳು ತಿಂಗಳ ಮಗು ಒಂದು ಹೊಸ ಆಹಾರ ತಿಂದ ಎರಡು ಗಂಟೆಯ ನಂತರ ವಿಪರೀತ ವಾಂತಿ ಮಾಡಿ, ಬಿಳಿಚಿಕೊಂಡು ಸೋತುಬಿದ್ದಿತು. ಎರಡನೆಯ ಸಲವೂ ಹೀಗೇ ಆಯಿತು. ಚರ್ಮಪರೀಕ್ಷೆ, ರಕ್ತಪರೀಕ್ಷೆ ಎರಡೂ ಸರಿಯಾಗಿವೆ. ಹಾಗಾದರೆ ಇದು ಅಲರ್ಜಿಯಲ್ಲವೇ?

ಉತ್ತರ: ಅಲರ್ಜಿಯೇ, ಆದರೆ ಐಜಿಇಯ ಹಾದಿಯಲ್ಲಿ ಬರುವುದಲ್ಲ. ನೀವು ಬರೆದಿರುವ ಲಕ್ಷಣಗಳು ‘ಎಫ್‌ಪಿಐಇಎಸ್’ ಎಂದು ವೈದ್ಯರು ಕರೆಯುವ ಕರುಳಿನ ತೊಂದರೆಗೆ ಚೆನ್ನಾಗಿ ಹೊಂದುತ್ತವೆ. ತಿಂದ ಒಂದರಿಂದ ನಾಲ್ಕು ಗಂಟೆಯೊಳಗೆ ವಾಂತಿ ಹಿಡಿಯುವುದು, ಗಂಧೆಯಾಗಲಿ ಉಬ್ಬಸವಾಗಲಿ ಇಲ್ಲದಿರುವುದು ಇದರ ಗುರುತು. ಹಾಗಾಗಿಯೇ ಸೋಂಕೆಂದು ತಪ್ಪಾಗಿ ಭಾವಿಸುವುದೂ ಹೆಚ್ಚು. ಆ ಆಹಾರವನ್ನು ಈಗ ಸಂಪೂರ್ಣ ನಿಲ್ಲಿಸಿ. ಬಹಳಷ್ಟು ಮಕ್ಕಳಲ್ಲಿ ಕೆಲವು ವರ್ಷಗಳಲ್ಲಿ ಇದು ತಾನಾಗಿ ಹೋಗುತ್ತದೆ. ಹೋಗಿದೆಯೇ ಎಂದು ನೋಡಲು ಇಲ್ಲಿಯೂ ಆಸ್ಪತ್ರೆಯಲ್ಲೇ ತಿನ್ನಿಸಿ ನೋಡಬೇಕು, ಆದರೆ ಕ್ರಮ ಬೇರೆ. ತಿನ್ನಿಸಿದ ಮೇಲೆ ಕಾಯುವ ಸಮಯ ಕನಿಷ್ಠ ನಾಲ್ಕು ಗಂಟೆ, ಮತ್ತು ತೊಂದರೆಯಾದರೆ ಮುಖ್ಯ ಚಿಕಿತ್ಸೆ ರಕ್ತನಾಳದ ಮೂಲಕ ಕೊಡುವ ದ್ರವ.

ಪ್ರಶ್ನೆ: ಒಂದೇ ರಕ್ತದ ಮಾದರಿಯಲ್ಲಿ ತೊಂಬತ್ತು ಆಹಾರಗಳಿಗೆ ‘ಐಜಿಜಿ’ ಪರೀಕ್ಷೆ ಮಾಡಿಕೊಡುತ್ತಾರಂತೆ. ಮಗುವಿಗೆ ಮಾಡಿಸಬಹುದೇ?

ಉತ್ತರ: ಬೇಡ. ಐಜಿಜಿ ಪ್ರತಿಕಾಯ ಇದ್ದರೆ ಮಗು ಆ ಆಹಾರವನ್ನು ತಿಂದಿದೆ ಎಂದರ್ಥವೇ ಹೊರತು ಅಲರ್ಜಿಯಿದೆ ಎಂದಲ್ಲ. ಯುರೋಪ್ ಮತ್ತು ಅಮೆರಿಕದ ಅಲರ್ಜಿ ತಜ್ಞರ ಸಂಘಗಳು ಆಹಾರ ಅಲರ್ಜಿಯ ಪತ್ತೆಗೆ ಇದನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿವೆ. ಇಂಥ ವರದಿಯನ್ನು ಹಿಡಿದುಕೊಂಡು ಹತ್ತಾರು ಆಹಾರಗಳನ್ನು ಬಿಡಿಸಿ, ತೂಕ ಇಳಿದ ಮಕ್ಕಳನ್ನು ಕರೆತಂದಾಗ ನನಗೆ ನಿಜವಾಗಿ ನೋವಾಗುತ್ತದೆ.

ಪ್ರಶ್ನೆ: ಪರೀಕ್ಷೆಯ ದಿನ ಐದನೆಯ ಪ್ರಮಾಣಕ್ಕೆ ಮಗಳಿಗೆ ಉಬ್ಬಸ ಬಂದು ಅಡ್ರಿನಲಿನ್ ಚುಚ್ಚಬೇಕಾಯಿತು. ಅರ್ಧ ಗಂಟೆಯಲ್ಲಿ ಸರಿಹೋದಳು. ಒಪ್ಪಿಗೆಗೆ ಸಹಿ ಹಾಕಿದ್ದು ನಾನೇ ಎಂಬ ಅಪರಾಧಭಾವ ಬಿಡುತ್ತಿಲ್ಲ. ಈ ಪರೀಕ್ಷೆಯಿಂದ ನಮಗೆ ಸಿಕ್ಕಿದ್ದಾದರೂ ಏನು?

ಉತ್ತರ: ತಾಯಿಯಾಗಿ ನೀವು ಆ ಅರ್ಧ ಗಂಟೆಯನ್ನು ಹೇಗೆ ಕಳೆದಿರಬಹುದೆಂದು ಬಲ್ಲೆ. ಆದರೂ ಕೇಳಿ: ಅಲರ್ಜಿ ಇದೆಯೋ ಇಲ್ಲವೋ ಎಂಬ ಅನುಮಾನ ಈಗ ಉಳಿದಿಲ್ಲ. ಮೊದಲ ನಾಲ್ಕು ಪ್ರಮಾಣಗಳಿಗೆ ಅವಳಿಗೆ ಏನೂ ಆಗಲಿಲ್ಲ ಎಂಬುದೂ ಒಂದು ಮಾಹಿತಿಯೇ. ಗೊತ್ತಿಲ್ಲದೆ ಬೆರೆತ ಅತಿ ಸಣ್ಣ ಅಂಶಕ್ಕೆ ಅವಳು ಕೆರಳುವ ಸಂಭವ ಎಷ್ಟೆಂದು ವೈದ್ಯರು ಅದರಿಂದ ಅಂದಾಜು ಮಾಡಬಲ್ಲರು, ಆದರೆ ಕಾಯಿಲೆ ಬಿದ್ದ ದಿನ ಆ ಮಿತಿ ಕೆಳಗಿಳಿಯಬಹುದು ಎಂಬುದನ್ನು ಮರೆಯಬಾರದು. ಆ ಚುಚ್ಚುಮದ್ದು ಎಷ್ಟು ಬೇಗ ಕೆಲಸ ಮಾಡುತ್ತದೆಂಬುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಮುಂದೆಂದಾದರೂ ಬೇಕಾದರೆ ನಿಮ್ಮ ಕೈ ಹಿಂಜರಿಯುವುದಿಲ್ಲ. ಅದನ್ನು ಮನೆಯಲ್ಲೂ ಶಾಲೆಯಲ್ಲೂ ಇಡಿ, ಬಳಸುವುದನ್ನು ಶಿಕ್ಷಕರಿಗೂ ಕಲಿಸಿ. ಮತ್ತೆ ಪರೀಕ್ಷೆ ಯಾವಾಗ ಎಂಬುದು ಆಹಾರವನ್ನು ಅವಲಂಬಿಸಿದೆ: ಹಾಲು, ಮೊಟ್ಟೆ, ಗೋಧಿಯ ಅಲರ್ಜಿ ಬಹಳಷ್ಟು ಮಕ್ಕಳಲ್ಲಿ ಬೆಳೆದಂತೆ ಹೋಗುತ್ತದೆ, ಕಡಲೆಕಾಯಿಯದು ಐವರಲ್ಲಿ ಒಬ್ಬರಿಗೆ ಮಾತ್ರ. ವರ್ಷಕ್ಕೊಮ್ಮೆ ವೈದ್ಯರೊಂದಿಗೆ ಈ ಮಾತನ್ನು ಎತ್ತಿ.

ಪ್ರಶ್ನೆ: ಏಳು ತಿಂಗಳ ಹಿಂದೆ ಮಗ ಕಡಲೆಕಾಯಿಯ ಪರೀಕ್ಷೆಯಲ್ಲಿ ಪೂರ್ತಿ ಪ್ರಮಾಣ ತಿಂದು ಪಾಸಾದ. ಆದರೆ ಭಯ ಹೋಗದೆ ಅಂದಿನಿಂದ ಮತ್ತೆ ಕೊಟ್ಟೇ ಇಲ್ಲ. ತೊಂದರೆಯೇ?

ಉತ್ತರ: ಹೌದು. ಪಾಸಾದ ಮೇಲೂ ತಿನ್ನದೆ ಬಿಟ್ಟ ಕೆಲವು ಮಕ್ಕಳಲ್ಲಿ ಕಡಲೆಕಾಯಿಯ ಅಲರ್ಜಿ ಮರಳಿ ಬಂದಿದೆ. ನಿಯಮಿತವಾಗಿ ತಿನ್ನುವವರಲ್ಲಿ ಹಾಗಾಗುವುದು ಬಹಳ ಕಡಿಮೆ. ನಿಮ್ಮ ವೈದ್ಯರಿಗೆ ಈ ವಾರವೇ ಫೋನ್ ಮಾಡಿ, ಏಳು ತಿಂಗಳ ಅಂತರವನ್ನು ತಿಳಿಸಿ. ಮನೆಯಲ್ಲೇ ಮತ್ತೆ ಶುರುಮಾಡಬಹುದೇ, ಮೊದಲ ತುತ್ತನ್ನು ಅವರೆದುರು ಕೊಡಬೇಕೇ ಎಂದು ಅವರು ಹೇಳಲಿ. ಮರಳಿ ಆರಂಭಿಸಿದ ನಂತರ ವಾರದಲ್ಲಿ ಎಷ್ಟು ಸಲ, ಎಷ್ಟು ಪ್ರಮಾಣದಲ್ಲಿ ಕೊಡಬೇಕೆಂಬುದನ್ನು ಅವರಿಂದ ಬರೆಸಿಕೊಂಡು, ಮಗನಿಗೆ ಹಿಡಿಸುವ ರೂಪದಲ್ಲಿ ಕೊಡಿ. ವರ್ಷಗಟ್ಟಲೆ ‘ಮುಟ್ಟಬೇಡ’ ಎಂದು ಕೇಳಿಸಿಕೊಂಡ ಮಗು ಅದರ ವಾಸನೆಗೇ ಮುಖ ತಿರುಗಿಸುವುದು ಸಾಮಾನ್ಯ. ಒತ್ತಾಯ ಮಾಡದೆ, ನೀವೂ ಅವನ ಜೊತೆ ಕುಳಿತು ತಿನ್ನಿ.